ಗಟ್ಟಿ ಬಣ್ಣ ಬೇಕಾ, ತಿದ್ದೋಕೆ ಬರುವ ಬಣ್ಣ ಬೇಕಾ?

ಕಳೆದ ಮಾರ್ಚಿನಲ್ಲಿ ಸವಣೂರು ಕಡೆಯ ರೈತರೊಬ್ಬರು ನಮ್ಮ ಶೆಡ್ಡಿಗೆ ಟ್ರೇಲರ್ ತಂದು ನಿಲ್ಲಿಸಿದರು. ಹುಬ್ಬಳ್ಳಿ ಗೋಕುಲ ರೋಡಿನ ಒಳ ಓಣಿಯಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಗೇಟು, ಗ್ರಿಲ್, ಕುಂಟೆ, ಕೂರಿಗೆ, ನೀರಿನ ಟ್ಯಾಂಕಿನ ಸ್ಟ್ಯಾಂಡು, ಏನು ಬಂದರೂ ಮಾಡುತ್ತೇವೆ.

"ಖಂಡೆ ಪೂಜಿಗೆ ಹಚ್ಚಿಸಿದ ಪೇಂಟ್ ರೀ ಇದು. ವರ್ಷ ತುಂಬಿಲ್ಲ, ಪಕಳಿ ಪಕಳಿ ಏಳಾಕತ್ತೈತಿ. ಹತ್ತು ವರ್ಷ ಬಾಳೂ ಪೇಂಟ್ ಯಾವ್ದರ ಇದ್ರ ಹೇಳ್ರಿ, ರೊಕ್ಕದ ವಿಚಾರ ಬ್ಯಾಡ" ಅಂದರು.

ಈ ಪ್ರಶ್ನೆ ಕೇಳದವರೇ ಇಲ್ಲ. ನಾನು ತಿರುಗಿ ಕೇಳುವುದು ಇಷ್ಟು: ಬಣ್ಣ ಎಲ್ಲೋ ಒಂದು ಕಡೆ ಕಿತ್ತಾಗ ಅದನ್ನು ಸರಿ ಮಾಡುವವರು ಯಾರು? ನೀವಾ, ಊರಿನ ಪೇಂಟರಾ, ಇಲ್ಲಾ ಮತ್ತೆ ಹುಬ್ಬಳ್ಳಿಗೆ ಹೊತ್ತು ತರುತ್ತೀರಾ? ಟ್ರೇಲರ್ ಅಂದಮೇಲೆ ಕಲ್ಲು ಬೀಳುತ್ತದೆ, ಕಬ್ಬಿನ ಹೊರೆ ತಿಕ್ಕುತ್ತದೆ, ಸರಪಳಿ ಬಡಿಯುತ್ತದೆ. ಬಣ್ಣ ಕೀಳುವುದು ಖಾತ್ರಿ. ಕಿತ್ತ ಮೇಲೆ ಏನಾಗುತ್ತದೆ ಅನ್ನುವುದರ ಮೇಲೆ ಯಾವ ಬಣ್ಣ ಅನ್ನುವುದು ನಿಂತಿದೆ.

ಬಣ್ಣದ ಕೆಳಗೆ ನಡೆಯುವುದು

ಮೊದಲು ಜಂಗಿನ ಕಥೆ ನೋಡೋಣ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಕೂಡಿದರೆ ಜಂಗು. ಇವುಗಳ ಜೊತೆ ಒಂದಿಷ್ಟು ಉಪ್ಪು ಸೇರಿದರೆ ಕೆಲಸ ಇನ್ನೂ ಲಗೂನೇ ಆಗುತ್ತದೆ. ಜಂಗಿನ ಕೆಟ್ಟ ಗುಣ ಅಂದರೆ ಅದು ಊದುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಆ ಜಾಗಕ್ಕಾಗಿ ಮೇಲಿನ ಬಣ್ಣವನ್ನು ಎತ್ತುತ್ತದೆ. ಎತ್ತಿದ ಸಂದಿಯಲ್ಲಿ ನೀರು ಹೋಗಿ ಕೂರುತ್ತದೆ. ಅಲ್ಲಿಂದ ಮುಂದೆ ಜಂಗು ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ, ಒಳಗೆ ರೂಪಾಯಿ ನಾಣ್ಯದಷ್ಟು ಹರಡಿರುವುದನ್ನು ಎಷ್ಟೋ ಸಲ ಕೆರೆದು ನೋಡಿದ್ದೇನೆ.

ಇನ್ನೊಂದು ಮಾತು. ಯಾವ ಬಣ್ಣವೂ ಗಾಜಿನಂತೆ ಪೂರ್ತಿ ಮುಚ್ಚುವುದಿಲ್ಲ. ತೇವ ನಿಧಾನಕ್ಕೆ ಒಳಗೆ ಇಳಿದೇ ಇಳಿಯುತ್ತದೆ. ಬಣ್ಣ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಆ ತೇವಕ್ಕೆ ನಿಲ್ಲೋಕೆ ಜಾಗ ಸಿಗುವುದಿಲ್ಲ, ಅಷ್ಟೇ. ಅದಕ್ಕೇ ಡಬ್ಬಿಯ ಬೆಲೆಗಿಂತ ಕೆರೆಯುವ ಕೂಲಿ ದೊಡ್ಡದು ಅಂತ ನಾನು ಹೇಳುತ್ತಿರುತ್ತೇನೆ. ಗಿರಾಕಿಗಳಿಗೆ ಈ ಮಾತು ಇಷ್ಟವಾಗುವುದಿಲ್ಲ.

ಹೊಸ ಕಬ್ಬಿಣಕ್ಕೂ ಕೆರೆತ ಬೇಕಾ? ಬೇಕು. ಅಂಗಡಿಯಿಂದ ತಂದ ಹೊಸ ಆಂಗಲ್, ಪಟ್ಟಿಗಳ ಮೇಲೆ ನೀಲಿ ಮಿಶ್ರಿತ ಕಪ್ಪು ಪದರ ಇರುತ್ತದೆ. ಕಬ್ಬಿಣವನ್ನು ಕಾಯಿಸಿ ರೋಲ್ ಮಾಡುವಾಗ ಹುಟ್ಟುವ ಪದರ ಅದು, ಮಿಲ್ ಸ್ಕೇಲ್ ಅಂತಾರೆ. ನೋಡೋಕೆ ಗಟ್ಟಿ, ನುಣುಪು. ಆದರೆ ಬಿಸಿಲು ಚಳಿಗೆ ಬಿರುಕು ಬಿಟ್ಟು ಕೆಲವು ತಿಂಗಳಲ್ಲಿ ಉದುರುತ್ತದೆ. ಉದುರುವಾಗ ನಿಮ್ಮ ದುಬಾರಿ ಬಣ್ಣವನ್ನೂ ಕರೆದುಕೊಂಡೇ ಹೋಗುತ್ತದೆ. ವೆಲ್ಡಿಂಗಿನ ಸ್ಲ್ಯಾಗ್, ಸಿಡಿದ ಗುಂಡು, ಗ್ರೀಸು, ಕೈಯ ಬೆವರು, ಇವೆಲ್ಲವೂ ಇದೇ ಸಾಲಿನವು.

ರೈತರ ಸಾಮಾನಿಗೆ ಇನ್ನೊಂದು ಶತ್ರು ಇದೆ, ಗೊಬ್ಬರ. ಅಂಗಡಿಯಲ್ಲಿ ಸಿಗುವ ಪೊಟ್ಯಾಷ್ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣತಮ್ಮ. ಯೂರಿಯಾ ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ. ಹೀಗಾಗಿ ಗೊಬ್ಬರ ಕೂರಿಗೆಯ ಪೆಟ್ಟಿಗೆ ಟ್ರೇಲರಿಗಿಂತ ಮೊದಲೇ ತೂತು ಬೀಳುತ್ತದೆ. ಇನ್ನು ನಮ್ಮ ಎರೆ ಮಣ್ಣು. ಒದ್ದೆಯಾದಾಗ ಮೆತ್ತಿಕೊಂಡರೆ ದಿನಗಟ್ಟಲೆ ತೇವ ಹಿಡಿದು ಕೂರುತ್ತದೆ. ಮಸಾರಿ ಮಣ್ಣು ಅಷ್ಟು ಕಾಡುವುದಿಲ್ಲ, ಒಣಗಿ ಉದುರುತ್ತದೆ. ಹಾಗಂತ ನಮ್ಮ ಸೀಮೆ ಕಬ್ಬಿಣಕ್ಕೆ ಕೆಟ್ಟದ್ದೇನಲ್ಲ. ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಕಡಲಿನ ಉಪ್ಪುಗಾಳಿ ಏನು ಮಾಡುತ್ತದೆ ಅಂತ ಮೀನಿನ ಬೋಟು ನೋಡಿದವರಿಗೆ ಗೊತ್ತು. ಗದಗ, ರೋಣ, ನರಗುಂದದ ಒಣ ಹವೆಯಲ್ಲಿ ಸಾಧಾರಣ ಬಣ್ಣವೂ ಚೆನ್ನಾಗಿ ಬಾಳುತ್ತದೆ. ಕಲಘಟಗಿ, ಹಾನಗಲ್ ಕಡೆ ಮಳೆ ಜಾಸ್ತಿ. ಧಾರವಾಡದ ಜಿಟಿಜಿಟಿ ಮಳೆಯಂತೂ ಹೇಳುವುದೇ ಬೇಡ. ಜೋರಾಗಿ ಹೊಯ್ದು ನಿಲ್ಲುವ ಮಳೆಗಿಂತ, ದಿನವಿಡೀ ಕಬ್ಬಿಣವನ್ನು ಒದ್ದೆಯಾಗಿಡುವ ತುಂತುರೇ ಜಂಗಿಗೆ ಹೆಚ್ಚು ಪ್ರೀತಿ.

ಪೌಡರ್ ಕೋಟಿಂಗ್: ಚೆಂದ, ಆದರೆ

ಐದಾರು ವರ್ಷದ ಹಿಂದೆ ನಮ್ಮ ಧಾರವಾಡದ ಮನೆಯ ಗೇಟಿಗೆ ನಾನೇ ಪೌಡರ್ ಕೋಟಿಂಗ್ ಮಾಡಿಸಿದ್ದೆ. ಹೆಸರು ಬೇಡ, ಒಂದು ಕಡೆ ಕೊಟ್ಟಿದ್ದೆ. ಬಂದಾಗ ಹೊಸ ಫ್ರಿಜ್ಜಿನ ಹಾಗೆ ಹೊಳೆಯುತ್ತಿತ್ತು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಮೂಲೆಯ ವೆಲ್ಡಿಂಗ್ ಹತ್ತಿರ ಗುಳ್ಳೆ. ಉಗುರು ಹಾಕಿ ಎಳೆದೆ. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಗೇಣುದ್ದ ಎದ್ದು ಬಂತು!

ಯಾಕೆ ಹೀಗೆ? ಪೌಡರ್ ಕೋಟಿಂಗಿನಲ್ಲಿ ಥಿನ್ನರ್ ಇರುವುದಿಲ್ಲ. ಒಣ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಕಬ್ಬಿಣದ ಮೇಲೆ ಊದುತ್ತಾರೆ. ಅದು ಅಂಟಿಕೊಳ್ಳುತ್ತದೆ. ಆಮೇಲೆ 180ರಿಂದ 200 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಬೇಯಿಸಿದರೆ ಪುಡಿ ಕರಗಿ ಹಾಳೆಯಾಗುತ್ತದೆ. ಒಂದೇ ಸಲಕ್ಕೆ 60ರಿಂದ 80 ಮೈಕ್ರಾನ್ ದಪ್ಪ ಸಿಗುತ್ತದೆ. ಬ್ರಷ್ಷಿನಲ್ಲಿ ಅಷ್ಟು ದಪ್ಪ ಬರೋಕೆ ಎರಡು ಮೂರು ಕೋಟು ಬೇಕು. ಗಟ್ಟಿತನದಲ್ಲಿ ಇದಕ್ಕೆ ಸಾಟಿ ಕಡಿಮೆ.

ತೊಂದರೆ ಎರಡು. ಒಳಮೂಲೆಗಳಿಗೆ ಪುಡಿ ಸರಿಯಾಗಿ ಹೋಗುವುದಿಲ್ಲ. ಚಾರ್ಜಿನ ಆಟ ಹಾಗಿದೆ, ಪುಡಿ ಅಂಚುಗಳಿಗೆ ಹೋಗಿ ಕೂರುತ್ತದೆ, ಮೂಲೆಯಲ್ಲಿ ತೆಳ್ಳಗಾಗುತ್ತದೆ. ವೆಲ್ಡಿಂಗ್ ಇರುವುದು ಅದೇ ಮೂಲೆಯಲ್ಲಿ. ಇನ್ನೊಂದು, ಪುಡಿ ಊದುವ ಮೊದಲು ಕಬ್ಬಿಣವನ್ನು ಸಾಲು ಸಾಲು ತೊಟ್ಟಿಗಳಲ್ಲಿ ಅದ್ದಿ ಎಣ್ಣೆ, ಜಂಗು ತೆಗೆದು ಫಾಸ್ಫೇಟ್ ಪದರ ಕೊಡಬೇಕು. ಈ ಅದ್ದುವ ಕೆಲಸ ಹೊರಗೆ ಕಾಣುವುದಿಲ್ಲ. ಕಾಣದ ಕೆಲಸವನ್ನೇ ಮೊದಲು ಹಾರಿಸುತ್ತಾರೆ, ಅಲ್ವಾ? ಕೊಡುವ ಮೊದಲು "ತೊಟ್ಟಿ ಎಷ್ಟು ಅದಾವು, ತೋರಸ್ರಿ" ಅಂತ ಕೇಳಿ. ನಾನು ಆಗ ಕೇಳಿರಲಿಲ್ಲ.

ಇಷ್ಟಾದ ಮೇಲೂ ನಾನು ಪೌಡರ್ ಕೋಟಿಂಗ್ ಬೇಡ ಅನ್ನುವುದಿಲ್ಲ. ಕುರ್ಚಿ, ಕಪಾಟು, ಅಂಗಡಿಯ ರ‍್ಯಾಕು, ಕಿಟಕಿಯ ಒಳಗಿನ ಗ್ರಿಲ್, ಇಂಥವಕ್ಕೆ ಚೆನ್ನ. ಹೊರಗಿನ ಸಾಮಾನಿಗಾದರೆ ಪಾಲಿಯೆಸ್ಟರ್ ಪುಡಿಯೇ ಬೇಕು ಅಂತ ಒತ್ತಿ ಹೇಳಿ. ಎಪಾಕ್ಸಿ ಪುಡಿ ಬಿಸಿಲಿಗೆ ಸುಣ್ಣದಂತೆ ಬೆಳ್ಳಗಾಗುತ್ತದೆ. ಆದರೆ ಪೆಟ್ಟು ತಿನ್ನುವ ಸಾಮಾನಿಗೆ ಬೇಡ. ಒಮ್ಮೆ ಕಿತ್ತರೆ ಅದೇ ಪುಡಿಯಿಂದ ತಿದ್ದೋಕೆ ಒಲೆ ಬೇಕು. ಗೇಟು ಬಿಚ್ಚಿ ಒಲೆಗೆ ಯಾರು ಒಯ್ಯುತ್ತಾರೆ? ಉಜ್ಜಿ ಮೇಲೆ ಬೇರೆ ಬಣ್ಣ ಹಚ್ಚಬಹುದು, ಹಿಡಿಯುತ್ತದೆ. ಆದರೆ ತೇಪೆ ಎದ್ದು ಕಾಣುತ್ತದೆ.

ಎರಡು ಡಬ್ಬಿಯ ಬಣ್ಣಗಳು

ಎಪಾಕ್ಸಿ, ಪಿಯು (ಪಾಲಿಯುರೆಥೇನ್) ಅಂತ ಕೇಳಿರುತ್ತೀರಿ. ಎರಡರಲ್ಲೂ ಬಣ್ಣ ಒಂದು ಡಬ್ಬಿ, ಹಾರ್ಡನರ್ ಇನ್ನೊಂದು ಡಬ್ಬಿ. ಕೂಡಿಸಿದ ಕೂಡಲೇ ರಸಾಯನ ಕ್ರಿಯೆ ಶುರು. ಕೆಲವು ಗಂಟೆಗಳಲ್ಲಿ ಬಳಸಿ ಮುಗಿಸಬೇಕು, ಇಲ್ಲದಿದ್ದರೆ ಡಬ್ಬಿಯೊಳಗೇ ಗಟ್ಟಿಯಾಗುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಆ ಹೊತ್ತು ಇನ್ನೂ ಕಡಿಮೆ.

ಎಪಾಕ್ಸಿ ಕಬ್ಬಿಣವನ್ನು ಹಿಡಿಯುವ ಹಾಗೆ ಇನ್ನೊಂದು ಹಿಡಿಯುವುದಿಲ್ಲ. ನೀರು, ಗೊಬ್ಬರ, ಡೀಸೆಲ್ ಯಾವುದಕ್ಕೂ ಬಗ್ಗುವುದಿಲ್ಲ. ಬಿಸಿಲಿಗೆ ಮಾತ್ರ ಸೋಲುತ್ತದೆ. ಪಿಯುಗೆ ಬಿಸಿಲು ಲೆಕ್ಕಕ್ಕಿಲ್ಲ, ಹೊಳಪು ವರ್ಷಗಟ್ಟಲೆ ನಿಲ್ಲುತ್ತದೆ. ಅದಕ್ಕೇ ಕೆಳಗೆ ಎಪಾಕ್ಸಿ, ಮೇಲೆ ಪಿಯು ಅನ್ನುವ ಜೋಡಿ. ಗೊಬ್ಬರ ಕೂರಿಗೆಯ ಪೆಟ್ಟಿಗೆಗೆ, ಪದೇ ಪದೇ ಏರೋಕೆ ಆಗದ ಎತ್ತರದ ಟ್ಯಾಂಕಿನ ಸ್ಟ್ಯಾಂಡಿಗೆ ನಾನು ಇದನ್ನೇ ಹೇಳುವುದು.

ತಿದ್ದುವ ವಿಷಯದಲ್ಲಿ ಇವು ನಡುವಿನವು. ಒಲೆ ಬೇಡ, ಮನೆಯಲ್ಲೇ ಆಗುತ್ತದೆ. ಆದರೆ ಅಂಗೈ ಅಗಲದ ಗಾಯಕ್ಕೂ ಎರಡು ಡಬ್ಬಿ ತರಬೇಕು, ಅಳತೆ ಹಿಡಿದು ಕೂಡಿಸಬೇಕು. ಕಣ್ಣಂದಾಜು ನಡೆಯುವುದಿಲ್ಲ. ಹಾರ್ಡನರ್ ಕಡಿಮೆಯಾದರೆ ಎಂದಿಗೂ ಒಣಗದ ಅಂಟು, ಜಾಸ್ತಿಯಾದರೆ ಕಡ್ಡಿಯಂತೆ ಮುರಿಯುವ ಪದರ. ಹಳೆಯ ಪದರ ಪೂರ್ತಿ ಗಟ್ಟಿಯಾಗಿರುವುದರಿಂದ ಉಜ್ಜಿ ಒರಟು ಮಾಡದೆ ಹೊಸದು ಹಿಡಿಯುವುದೂ ಇಲ್ಲ. ಪಿಯು ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಗನ್ನಿನಲ್ಲಿ ಹೊಡೆಯುವಾಗ ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ತರಬಲ್ಲದು. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು. ಹಿತ್ತಲಲ್ಲಿ ಗನ್ ಹಿಡಿದು ಪಿಯು ಹೊಡೆಯುವ ಸಾಹಸ ಬೇಡ. ಸಣ್ಣ ತೇಪೆಗೆ ಬ್ರಷ್ ಸಾಕು.

ಕಾರ್ ಗ್ಯಾರೇಜುಗಳಲ್ಲಿ ಹಿಂದೆ ಹೊಡೆಯುತ್ತಿದ್ದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದ ಬಗ್ಗೆ ಒಂದೇ ಮಾತು. ತಿದ್ದೋಕೆ ಅದರಷ್ಟು ಸುಲಭ ಬೇರೆ ಇಲ್ಲ, ಹೊಸ ಪದರ ಹಳೆಯದನ್ನು ಕರಗಿಸಿ ಒಂದಾಗುತ್ತದೆ. ಬಾಳಿಕೆ ಮಾತ್ರ ಸುಮಾರು.

ಹಳೆಯ ಆಯಿಲ್ ಪೇಂಟನ್ನು ಕಡೆಗಣಿಸಬೇಡಿ

ಈಗ ನಮ್ಮ ಟ್ರೇಲರಿಗೆ ಬರೋಣ. ನಾನು ಹೇಳಿದ್ದು ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟು, ಮೇಲೆ ಸಿಂಥೆಟಿಕ್ ಎನಾಮೆಲ್ ಎರಡು ಕೋಟು. ಎನಾಮೆಲ್ ಅಂದರೆ ನಾವು ಆಯಿಲ್ ಪೇಂಟ್ ಅನ್ನುವುದೇ. ಅವರ ಮುಖ ಸಪ್ಪೆಯಾಯಿತು. "ಇದನ್ನ ಹೇಳಸ್ಕೊಳ್ಳಾಕ ಇಲ್ಲೀತನಕ ಬರಬೇಕಿತ್ತೇನ್ರಿ?" ಅಂದರು.

ನಿಜ, ಹೊಸದೇನಲ್ಲ. ಆದರೆ ಇದರ ಗುಣ ನೋಡಿ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಹಾರ್ಡನರ್ ಬೇಡ. ಸವಣೂರಿನಲ್ಲೂ ಸಿಗುತ್ತದೆ, ಶಿಗ್ಗಾಂವಿಯಲ್ಲೂ ಸಿಗುತ್ತದೆ. ಚಿಕ್ಕ ಡಬ್ಬಿಯಲ್ಲಿ ಸಿಗುತ್ತದೆ. ಬ್ರಷ್ ಹಿಡಿಯೋಕೆ ಬಂದರೆ ಸಾಕು. ಹಳೆಯ ಎನಾಮೆಲ್ ಮೇಲೆ ಉಜ್ಜಿ ಹೊಸ ಎನಾಮೆಲ್ ಹಚ್ಚಿದರೆ ಹಿಡಿಯುತ್ತದೆ. ಕಿತ್ತು ಹೋದ ಕಡೆ ಮಾತ್ರ ಹಚ್ಚಿದರೂ ನಡೆಯುತ್ತದೆ. ಪೆಟ್ಟು ಬಿದ್ದರೆ ಪಿಯುಗಿಂತ ಬೇಗ ಕೀಳುತ್ತದೆ, ಒಪ್ಪುತ್ತೇನೆ. ಆದರೆ ಕಿತ್ತ ವಾರವೇ ಅದನ್ನು ಮುಚ್ಚಬಹುದು. ಮುಚ್ಚುತ್ತಾ ಹೋದ ಟ್ರೇಲರಿನ ಎನಾಮೆಲ್, ಮುಚ್ಚದೆ ಬಿಟ್ಟ ಟ್ರೇಲರಿನ ಪಿಯುಗಿಂತ ಕಬ್ಬಿಣವನ್ನು ಜಾಸ್ತಿ ದಿನ ಕಾಯುತ್ತದೆ. ಪ್ಯಾರಿಸ್ಸಿನ ಐಫೆಲ್ ಗೋಪುರ 1889ರಿಂದ ನಿಂತಿರುವುದೂ ಹೀಗೇ. ಹತ್ತಿರ ಹತ್ತಿರ 7 ವರ್ಷಕ್ಕೊಮ್ಮೆ ಅದಕ್ಕೆ ಬಣ್ಣ ಹಚ್ಚುತ್ತಲೇ ಬಂದಿದ್ದಾರೆ.

ರೆಡ್ ಆಕ್ಸೈಡ್ ಬಗ್ಗೆ ಒಂದು ತಮಾಷೆ ಇದೆ. ಅದರ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ಕಾವಿ ಮಣ್ಣಿನ ಕೆಂಪಿನ ಹಾಗೆ. ಜಂಗಿನ ನೆಂಟನನ್ನೇ ಜಂಗು ತಡೆಯೋಕೆ ಕೂರಿಸಿದಂತೆ! ಅದು ಈಗಾಗಲೇ ಪೂರ್ತಿ ಆಕ್ಸೈಡ್ ಆಗಿರುವುದರಿಂದ ಮುಂದೆ ಕೆಡುವುದಿಲ್ಲ. ಆದರೆ ಬರೀ ಕೆಂಪು ಪುಡಿ ಜಂಗನ್ನು ತಡೆಯುವುದಿಲ್ಲ. ಅದರ ಜೊತೆ ಝಿಂಕ್ ಕ್ರೋಮೇಟ್ ಅಥವಾ ಝಿಂಕ್ ಫಾಸ್ಫೇಟ್ ಇದ್ದರೆ ಅದು ನಿಜವಾದ ಕೆಲಸ ಮಾಡುತ್ತದೆ. ಕ್ರೋಮೇಟ್ ಆರೋಗ್ಯಕ್ಕೆ ಕೆಟ್ಟದ್ದು, ಅದರ ಧೂಳು ಕ್ಯಾನ್ಸರ್ ತರುವಂಥದ್ದು. ಸಿಕ್ಕರೆ ಫಾಸ್ಫೇಟಿನದೇ ತನ್ನಿ. ತೀರಾ ಅಗ್ಗದ ರೆಡ್ ಆಕ್ಸೈಡ್ ಬೇಡ. ಇನ್ನೊಂದು, ಪ್ರೈಮರ್ ಹಚ್ಚಿ ಹಾಗೇ ಮಳೆಗೆ ಬಿಡಬೇಡಿ. ಕಟ್ಟಡದ ಕೆಲಸದಲ್ಲಿ ಇದನ್ನು ದಿನಾ ನೋಡುತ್ತೇನೆ. ಕೆಂಪು ಬಳಿದ ಗ್ರಿಲ್ ಮೂರು ತಿಂಗಳು ಬಿಸಿಲು ಮಳೆಯಲ್ಲಿ ಬಿದ್ದಿರುತ್ತದೆ. ಪ್ರೈಮರ್ ನೀರು ಕುಡಿಯುತ್ತದೆ, ಅದಕ್ಕೆ ಮೇಲುಹೊದಿಕೆ ಬೇಕೇ ಬೇಕು.

ಬಣ್ಣದ ಆಸೆ ಇಲ್ಲದವರಿಗೆ ಅಲ್ಯೂಮಿನಿಯಂ ಪೇಂಟ್ ಒಳ್ಳೆಯದು. ರೈಲಿನ ಕಬ್ಬಿಣದ ಸೇತುವೆಗಳು ಬೆಳ್ಳಿಯ ಹಾಗೆ ಕಾಣುವುದು ಅದರಿಂದಲೇ. ಅದರೊಳಗಿನ ಲೋಹದ ಚೂರುಗಳು ಮನೆಯ ಹಂಚಿನ ಹಾಗೆ ಒಂದರ ಮೇಲೊಂದು ಮಲಗಿ ತೇವದ ದಾರಿ ತಪ್ಪಿಸುತ್ತವೆ. ಟ್ರೇಲರಿನ ಅಡಿಭಾಗಕ್ಕೆ ಡಾಂಬರಿನಂಥ ಬ್ಲ್ಯಾಕ್ ಜಪಾನ್ ಸಾಕು. ಅದರ ಮೇಲೆ ಬೇರೆ ಬಣ್ಣ ಹಚ್ಚಿದರೆ ಕಂದು ಕಲೆ ಎದ್ದು ಬರುತ್ತದೆ, ನೆನಪಿರಲಿ. ಕುಂಟೆಯ ಕುಡಕ್ಕೆ ಬಣ್ಣವೇ ಬೇಡ. ಮಣ್ಣು ಎರಡು ಸಾಲಿನಲ್ಲಿ ಅದನ್ನು ಒರೆಸಿ ಹಾಕುತ್ತದೆ. ಹಂಗಾಮು ಮುಗಿದ ಮೇಲೆ ತೊಳೆದು ಒಣಗಿಸಿ ಗ್ರೀಸ್ ಸವರಿ ಇಡಿ.

ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ತಗಡಿನ ವಿಷಯ ಬೇರೆ. ಅದರ ಮೇಲಿನ ಸತು ಕಬ್ಬಿಣಕ್ಕಾಗಿ ತಾನು ಸವೆಯುತ್ತದೆ. ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ಕಾಯುತ್ತದೆ. ಆದರೆ ಹೊಸ ಜಿಐ ಮೇಲೆ ನೇರ ಆಯಿಲ್ ಪೇಂಟ್ ಹಚ್ಚಿದರೆ ವರ್ಷದೊಳಗೆ ಹಾಳೆ ಹಾಳೆ ಕಿತ್ತು ಬರುತ್ತದೆ. ಎನಾಮೆಲ್ಲಿನ ಎಣ್ಣೆ ಸತುವಿನ ಜೊತೆ ಸೇರಿ ನಡುವೆ ಸಾಬೂನಿನಂಥ ಪದರ ಆಗುತ್ತದೆ, ಅದೇ ಕಾರಣ. ಮೊದಲು ಎಚ್ (etch) ಪ್ರೈಮರ್, ಅಂದರೆ ಸತುವಿನ ಮೈಯನ್ನು ತುಸು ಕೊರೆದು ಹಿಡಿಯುವ ಪ್ರೈಮರ್ ಹಚ್ಚಬೇಕು. ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟು ಹೋಗಿರುತ್ತದೆ. ಅಲ್ಲಿಗೆ ಸತುವಿನ ಪುಡಿ ತುಂಬಿದ ಝಿಂಕ್ ರಿಚ್ ಪೇಂಟ್ ಬೇಕು.

ತೇಪೆ ಹಾಕುವ ಬಗೆ

ಮೊದಲು ಹಳೆಯ ಬಣ್ಣ ಯಾವುದು ಅಂತ ತಿಳಿಯಬೇಕು. ಬಟ್ಟೆಗೆ ಎನ್‌ಸಿ ಥಿನ್ನರ್ ಹಾಕಿ ಕಾಣದ ಕಡೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಎನ್‌ಸಿ. ಸುಕ್ಕು ಬಂದು ಎದ್ದರೆ ಎನಾಮೆಲ್. ಏನೂ ಆಗದಿದ್ದರೆ ಎರಡು ಡಬ್ಬಿಯದು, ಇಲ್ಲವೇ ಪೌಡರ್. ಎನಾಮೆಲ್ ಮೇಲೆ ಎನ್‌ಸಿ ಅಥವಾ ಪಿಯು ಹೊಡೆಯಬೇಡಿ, ಅವುಗಳ ಥಿನ್ನರ್ ಕೆಳಗಿನದನ್ನು ಎಬ್ಬಿಸುತ್ತದೆ. ಉಜ್ಜಿದ ಎಪಾಕ್ಸಿ, ಪಿಯು ಮೇಲೆ ಎನಾಮೆಲ್ ನಡೆಯುತ್ತದೆ.

ಆಮೇಲೆ ನೀರು. ಹೌದು, ಉಜ್ಜುವ ಮೊದಲೇ ತೊಳೆಯಬೇಕು. ಗೊಬ್ಬರದ ಉಪ್ಪು, ಸಗಣಿ, ಗಂಜಲ ಹಾಗೇ ಇಟ್ಟು ಉಜ್ಜಿದರೆ ಉಪ್ಪನ್ನು ಕಬ್ಬಿಣದ ಗೀರುಗಳಿಗೆ ತುಂಬಿದಂತೆ. ಸಾಬೂನು ನೀರು ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ.

ಈಗ ಕೆರೆಯುವುದು. ಗುಳ್ಳೆಯ ಸುತ್ತ ಬಣ್ಣ ಎಲ್ಲಿ ಗಟ್ಟಿಯಾಗಿ ನಿಂತಿದೆಯೋ ಅಲ್ಲಿವರೆಗೂ ಚಾಕು ಹಾಕಿ ಎಬ್ಬಿಸಿ. ಇಲ್ಲಿ ದಯೆ ತೋರಿಸಬೇಡಿ. ತಂತಿ ಬ್ರಷ್, ಇಲ್ಲವೇ ಗ್ರೈಂಡರಿಗೆ ಕಪ್ ಬ್ರಷ್ ಹಾಕಿ ಜಂಗು ತೆಗೆಯಿರಿ. ಕಪ್ ಬ್ರಷ್ ಬಗ್ಗೆ ಎಚ್ಚರ, ಅದು ಕೆಲವು ಸಲ ಜಂಗನ್ನು ತೆಗೆಯದೆ ಪಾಲಿಶ್ ಮಾಡಿ ಹೊಳೆಯುವಂತೆ ಮಾಡುತ್ತದೆ. ಕಂದು ಹೊಳಪು ಕಂಡರೆ 80 ನಂಬರಿನ ಪಾಲಿಶ್ ಪೇಪರ್ ಹಿಡಿಯಿರಿ. ಕೊನೆಗೆ ಸುತ್ತಲಿನ ಹಳೆಯ ಬಣ್ಣದ ಅಂಚನ್ನು 180 ಅಥವಾ 220 ನಂಬರಿನಲ್ಲಿ ಇಳಿಜಾರು ಮಾಡಿ. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಮೆಟ್ಟಿಲು ತಾಗಬಾರದು. ಮೆಟ್ಟಿಲು ಉಳಿದರೆ ಅಲ್ಲಿಂದಲೇ ಮತ್ತೆ ಕೀಳುತ್ತದೆ.

ಹಳೆಯ ಮನೆಯ ಗೇಟು, ಗ್ರಿಲ್ ಆಗಿದ್ದರೆ ಒದ್ದೆ ಮಾಡಿ ಉಜ್ಜಿ, ಧೂಳು ಏಳದ ಹಾಗೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಪದರಗಳಲ್ಲಿ ಸೀಸ ಇರಬಹುದು. ಮಕ್ಕಳನ್ನು ದೂರ ಇಡಿ.

ಸಣ್ಣ ಸಣ್ಣ ಗುಂಡಿಗಳಲ್ಲಿ ಉಳಿದ ಜಂಗಿಗೆ ರಸ್ಟ್ ಕನ್ವರ್ಟರ್ ಸಿಗುತ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಟ್ಯಾನಿನ್. ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದಲ್ಲ, ಅದೇ ವಿದ್ಯೆ. ತೆಳ್ಳಗಿನ ಜಂಗಿಗೆ ಸರಿ. ಪಕಳೆ ಎದ್ದ ಜಂಗಿನ ಮೇಲೆ ಸುರಿದರೆ ಮೇಲುಪದರ ಕಪ್ಪಾಗುತ್ತದೆ, ಕೆಳಗಿನದು ತನ್ನ ಪಾಡಿಗೆ ತಾನು ತಿನ್ನುತ್ತಿರುತ್ತದೆ.

ಪ್ರೈಮರನ್ನು ಬರಿ ಕಬ್ಬಿಣ ಕಂಡ ದಿನವೇ ಹಚ್ಚಿ, ನಾಳೆಗೆ ಬಿಡಬೇಡಿ. ಮೊದಲು ಅಂಚು, ವೆಲ್ಡಿಂಗ್, ಬೋಲ್ಟಿನ ಸುತ್ತ ಒಂದು ಗೆರೆ ಎಳೆದುಕೊಂಡು, ಆಮೇಲೆ ಎಲ್ಲ ಕಡೆ ಹಚ್ಚಿ. ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ, ಹೀಗಾಗಿ ಅಂಚಿನಲ್ಲಿ ಸದಾ ತೆಳ್ಳಗೆ. ಹೊಸದು ಮಾಡಿಸುವಾಗಲೇ "ಅಂಚು ಗ್ರೈಂಡ್ ಮಾಡಿ ಗುಂಡಗೆ ಮಾಡ್ರಿ" ಅಂದರೆ ಅರ್ಧ ತೊಂದರೆ ತಪ್ಪುತ್ತದೆ. ಚೌಕ ಪೈಪಿನ ತುದಿ ತೆರೆದಿದ್ದರೆ ಮುಚ್ಚಿಸಿ. ನೀರು ಒಳಗೆ ಹೋಗುವ ದಾರಿ ಮುಚ್ಚೋಕೆ ಆಗದಿದ್ದರೆ ಕೆಳಗೆ ಒಂದು ತೂತು ಕೊಡಿಸಿ, ಹೋದ ನೀರು ಹೊರಗೆ ಬರಲಿ. ಒಳಗಿನಿಂದ ತಿನ್ನುವ ಜಂಗಿಗೆ ಹೊರಗಿನ ಬಣ್ಣ ಏನು ಮಾಡೀತು?

ಹೊತ್ತು, ಹವೆ

ಸವಣೂರಿನವರ ಟ್ರೇಲರ್ ಕೆಟ್ಟದ್ದು ಯಾಕೆ ಅಂತ ಕೇಳುತ್ತಾ ಹೋದಾಗ ಗೊತ್ತಾಯಿತು. ಹಬ್ಬದ ಹಿಂದಿನ ಸಂಜೆ ತೊಳೆದು, ಅರೆಬರೆ ಒಣಗಿದ ಮೇಲೆ, ಜಂಗಿನ ಮೇಲೆಯೇ ಬಣ್ಣ. ನಮ್ಮಲ್ಲಿ ಬಹಳ ಜನರ ಪದ್ಧತಿ ಇದೇ. ಪೂಜೆಗೆ ಹೊಳೆದರೆ ಸಾಕು ಅನ್ನುವ ಅವಸರ.

ರಾತ್ರಿ ಕಬ್ಬಿಣ ಗಾಳಿಗಿಂತ ಬೇಗ ತಣ್ಣಗಾಗುತ್ತದೆ. ಅದಕ್ಕೇ ಇಬ್ಬನಿ ಮೊದಲು ಅದರ ಮೇಲೆ ಕೂರುತ್ತದೆ. ಸಂಜೆ ಹಚ್ಚಿದ ಎನಾಮೆಲ್ ಒಣಗುವ ಮೊದಲೇ ಇಬ್ಬನಿ ಬಿದ್ದರೆ ಹೊಳಪು ಹೋಗಿ ಮಂಕಾಗುತ್ತದೆ. ಕಬ್ಬಿಣದ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವ ಶೇಕಡ 85 ದಾಟಿರಬಾರದು ಅನ್ನುವುದು ಬಣ್ಣದ ಕೆಲಸದವರ ಲೆಕ್ಕ. ಅಷ್ಟು ಅಳೆಯೋಕೆ ನಮ್ಮ ಹತ್ತಿರ ಯಂತ್ರ ಇಲ್ಲ. ಒದ್ದೆ ಬಟ್ಟೆಯಿಂದ ಕಬ್ಬಿಣದ ಮೇಲೆ ಒಂದು ಗೆರೆ ಒರೆಸಿ. ಹದಿನೈದು ನಿಮಿಷದಲ್ಲಿ ಅದು ಆರಿದರೆ ಹಚ್ಚಬಹುದು. ಇಷ್ಟು ಸಾಕು. ಫೆಬ್ರವರಿಯಿಂದ ಮೇ ತನಕ ಬೆಳಿಗ್ಗೆ ಒಳ್ಳೆಯ ಹೊತ್ತು. ಮಧ್ಯಾಹ್ನ ಕಬ್ಬಿಣದ ಮೇಲೆ ಅಂಗೈ ಇಡೋಕೆ ಆಗದಷ್ಟು ಕಾದಿದ್ದರೆ ನಿಲ್ಲಿಸಿ. ಬಣ್ಣ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಎರಡನೇ ಕೋಟಿಗೆ ಒಂದು ರಾತ್ರಿ ಪೂರ್ತಿ ಬಿಡಿ, ಅವಸರ ಮಾಡಿದರೆ ಮುದುಕರ ಕೈಯಂತೆ ಸುಕ್ಕು.

ಆ ಟ್ರೇಲರನ್ನು ಎರಡು ದಿನ ಕೆರೆದು, ಮೂರು ದಿನ ಬಣ್ಣ ಹಚ್ಚಿ ಕೊಟ್ಟೆವು. ಹೋಗುವಾಗ ಉಳಿದ ಎನಾಮೆಲ್ ಮತ್ತು ಪ್ರೈಮರನ್ನು ಎರಡು ಚಿಕ್ಕ ಗಾಜಿನ ಬಾಟಲಿಗೆ ಬಾಯಿತನಕ ತುಂಬಿ ಕೊಟ್ಟೆ. ದೊಡ್ಡ ಡಬ್ಬಿಯಲ್ಲಿ ತಳಕ್ಕೆ ಒಂದಿಷ್ಟು ಬಿಟ್ಟರೆ ಮೇಲಿನ ಗಾಳಿ ತಾಗಿ ಕೆನೆಗಟ್ಟುತ್ತದೆ. ಬಾಟಲಿ ಮೇಲೆ ಬಣ್ಣದ ಹೆಸರು, ತಾರೀಖು ಬರೆದೆ. ಒಂದು ಇಂಚಿನ ಬ್ರಷ್, ಅರ್ಧ ಹಾಳೆ ಪಾಲಿಶ್ ಪೇಪರ್ ಕೂಡ ಕೊಟ್ಟೆ. ಅವರು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಟ್ರ್ಯಾಕ್ಟರ್ ಸೀಟಿನ ಕೆಳಗೆ ಸಿಕ್ಕಿಸಿದರು.